ಟೊಮೇಟೋ ಎಲೆ ಮುದುಡು ರೋಗ: ನಂಜಾಣುವು ಜೀವಕೋಶದ ಕೇಂದ್ರವನ್ನು ಹೊಗುವ ಬಗೆ

ಟೊಮೇಟೋ ಬೆಳೆಯುವ ರೈತರಿಗೆ ಎಲೆ ಮುದುಡು ರೋಗದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಮುಂತಾದ ಸೀಮೆಗಳಲ್ಲಿ ಬೇಸಗೆಯ ಪೈರನ್ನಿಟ್ಟವರ ಪೈಕಿ ಈ ರೋಗದಿಂದ ಕೈ ಸುಟ್ಟುಕೊಳ್ಳದವರು ವಿರಳ. ಆದರೂ ಇದರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯು ಬಹು ಮಂದಿಯ ಮನಸ್ಸಿನಲ್ಲಿ ಬೇರೂರಿರುವುದು. ಎಲೆಗಳು ಮುದುಡಿದುದನ್ನು ಕಂಡೊಡನೆ ಅಂಗಡಿಗೆ ಹೋಗಿ, ಯಾವುದಾದರೊಂದು ಔಷಧವನ್ನು ತಂದು ಸಿಂಪಡಿಸಿದರೆ ಗಿಡವು ಮರಳಿ ಚೇತರಿಸಿಕೊಳ್ಳುವುದೆಂದು ನಂಬಿ, ಒಂದರ ಮೇಲೊಂದು ಸಿಂಪಡಣೆಗೆ ಹಣವನ್ನು ಸುರಿಯುವವರು ಅನೇಕರು. ಹೀಗೆ ವ್ಯಯವಾದ ಹಣವು ಹಿಂದಿರುಗುವುದಿಲ್ಲ, ಗಿಡವೂ ಚೇತರಿಸುವುದಿಲ್ಲ.

ಬೂಷ್ಟಿನಿಂದ ಬರುವ ರೋಗಗಳಿಗೆ ಮದ್ದುಂಟು, ಕಾಯಿ ಕೊರೆಯುವ ಹುಳುವಿಗೆ ಮದ್ದುಂಟು. ಈ ರೋಗಕ್ಕೆ ಮಾತ್ರ ಏಕಿಲ್ಲವೆಂದು ರೈತರು ಕೇಳುವುದು ನ್ಯಾಯವೇ ಸರಿ. ಇದಕ್ಕೆ ಉತ್ತರವು ಗಿಡದ ಜೀವಕೋಶದೊಳಗೆ, ಬರಿಗಣ್ಣಿಗೆ ಎಂದೆಂದಿಗೂ ಕಾಣದಷ್ಟು ಕಿರಿದಾದ ಒಂದು ಬಾಗಿಲಿನ ಬಳಿ ಇರುವುದು. ಆ ಬಾಗಿಲನ್ನು ರೋಗಕಾರಕವು ಹೇಗೆ ದಾಟುವುದೆಂಬುದನ್ನು ಕಳೆದ ಶತಮಾನದ ಕೊನೆಯ ವರ್ಷಗಳಿಂದ ಈಚೆಗೆ ಶಾಸ್ತ್ರಜ್ಞರು ವಿಶದವಾಗಿ ಅರಿತುಕೊಂಡಿರುತ್ತಾರೆ. ಆ ಅರಿವಿನಿಂದ ರೈತನು ತನ್ನ ಹಣವನ್ನೂ ಶ್ರಮವನ್ನೂ ಯಾವ ದಿವಸಗಳಲ್ಲಿ, ಯಾವ ಕಡೆಗೆ ವಿನಿಯೋಗಿಸಬೇಕೆಂಬುದು ಸ್ಪಷ್ಟವಾಗುವುದಾದುದರಿಂದ, ಈ ವಿಷಯವನ್ನು ಸಾಧ್ಯವಾದಷ್ಟು ಸುಲಭವಾದ ಮಾತುಗಳಲ್ಲಿ ಇಲ್ಲಿ ವಿವರಿಸಲಾಗಿದೆ.

ರೋಗದ ಚಿಹ್ನೆಗಳೂ ನಷ್ಟವೂ

ರೋಗ ತಗುಲಿದ ಗಿಡದಲ್ಲಿ ಎಳೆಯ ಎಲೆಗಳು ಚಿಕ್ಕದಾಗಿ, ಅಂಚುಗಳು ಒಳಮುಖವಾಗಿ ಮಡಿಚಿಕೊಂಡು ಸುಕ್ಕುಗಟ್ಟುತ್ತವೆ. ಎಲೆಯ ಬಣ್ಣವು ಮಾಸಿ ಹಳದಿಗೆ ತಿರುಗುವುದು. ಗೆಣ್ಣುಗಳ ನಡುವಣ ಅಂತರವು ಕಡಮೆಯಾಗಿ ಗಿಡವು ಗಿಡ್ಡಾಗಿ ಪೊದೆಯಂತೆ ನಿಲ್ಲುವುದು. ಹೂವುಗಳು ಉದುರಿಹೋಗುತ್ತವೆ, ಕಚ್ಚಿದ ಕಾಯಿಗಳೂ ಬಲಿಯದೆ ಸಣ್ಣವಾಗಿಯೇ ಉಳಿಯುವುವು. ಸಾಮಾನ್ಯವಾಗಿ ರೋಗವು ಸೋಂಕಿದ ಎರಡು ಮೂರು ವಾರಗಳ ತರುವಾಯವೇ ಈ ಚಿಹ್ನೆಗಳು ಕಣ್ಣಿಗೆ ಬೀಳುವುದರಿಂದ, ಒಟ್ಲಿನಲ್ಲಿ ಹಸುರಾಗಿ ಸೊಂಪಾಗಿ ಕಾಣುವ ಸಸಿಯು ಆಗಲೇ ರೋಗಗ್ರಸ್ತವಾಗಿರಬಹುದೆಂಬುದನ್ನು ಮರೆಯಲಾಗದು.

ಭಾರತದಲ್ಲಿ ಈ ರೋಗವನ್ನು 1948ನೆಯ ಇಸವಿಯಲ್ಲಿ ವಾಸುದೇವ ಮತ್ತು ಸ್ಯಾಮ್ ರಾಜ್ ಎಂಬ ಶಾಸ್ತ್ರಜ್ಞರು ವರ್ಣಿಸಿದರು. ನಷ್ಟದ ಪ್ರಮಾಣವು ರೋಗ ತಗುಲುವಾಗ ಗಿಡದ ವಯಸ್ಸೆಷ್ಟು ಎಂಬುದನ್ನು ಅವಲಂಬಿಸಿರುವುದೆಂದು 1973ರಲ್ಲಿ ಶಾಸ್ತ್ರಿ ಮತ್ತು ಸಿಂಗ್ ಎಂಬುವರು ಪ್ರಕಟಿಸಿದ ಪ್ರಯೋಗದಿಂದ ತಿಳಿದುಬಂದಿತು. ನಾಟಿಯಾದ 20 ದಿವಸಗಳೊಳಗಾಗಿ ರೋಗ ಬಂದಲ್ಲಿ ಫಸಲಿನಲ್ಲಿ ನೂರಕ್ಕೆ ಸುಮಾರು 92 ಪಾಲು ನಷ್ಟವಾಯಿತು. 35ನೆಯ ದಿವಸಕ್ಕೆ ಬಂದಲ್ಲಿ 74 ಪಾಲು. 50ನೆಯ ದಿವಸಕ್ಕೆ ಬಂದಲ್ಲಿ 29 ಪಾಲು. ಎಂದರೆ, ನೂರು ಬುಟ್ಟಿ ಹಣ್ಣನ್ನು ಕೊಡಬೇಕಾಗಿದ್ದ ತಾಕು ಮೊದಲನೆಯ ಸಂದರ್ಭದಲ್ಲಿ ಎಂಟು ಬುಟ್ಟಿಗಳನ್ನೂ, ಕೊನೆಯ ಸಂದರ್ಭದಲ್ಲಿ ಎಪ್ಪತ್ತೊಂದು ಬುಟ್ಟಿಗಳನ್ನೂ ಕೊಡುವುದು. ರೋಗವನ್ನು ತಡೆಯಲಾಗದಿದ್ದರೂ ಅದರ ಬರವನ್ನು ಒಂದು ತಿಂಗಳು ಮುಂದಕ್ಕೆ ದೂಡಿದರೆ ಎಷ್ಟು ಲಾಭವಿದೆಯೆಂಬುದನ್ನು ಈ ಅಂಕಿಗಳಿಂದಲೇ ಊಹಿಸಬಹುದು.

ನಂಜಾಣುವೆಂದರೇನು?

ಈ ರೋಗಕ್ಕೆ ಕಾರಣವು ವೈರಸ್ ಅಥವಾ ನಂಜಾಣು. ಬೆಂಗಳೂರಿನ ಸುತ್ತ ಕಂಡುಬಂದ ಒಂದು ಜಾತಿಗೆ ಶಾಸ್ತ್ರಗ್ರಂಥಗಳಲ್ಲಿ ‘ಟೊಮೇಟೋ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್’ ಎಂದೇ ಹೆಸರು. ಇದು ಜೆಮಿನಿ ವೈರಸ್ಸುಗಳ ಕುಲಕ್ಕೆ ಸೇರಿರುವುದು. ಜೆಮಿನಿ ಎಂದರೆ ಅವಳಿ. ವಿದ್ಯುತ್ಕಣ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಕಿರಿಯ ಗುಂಡುಗಳು ಒಂದಕ್ಕೊಂದು ಅಂಟಿಕೊಂಡಿರುವಂತೆ ಕಾಣುವುದರಿಂದ ಈ ಹೆಸರು ಬಂದಿತು. ಇದರ ಉದ್ದವು ಸುಮಾರು 38 ನ್ಯಾನೋಮೀಟರು, ಅಗಲವು ಸುಮಾರು 22 ನ್ಯಾನೋಮೀಟರು. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರುಗಳಿರುವುವಾದುದರಿಂದ, ಇಂತಹ ಕಣಗಳನ್ನು ಉದ್ದುದ್ದವಾಗಿ ಸಾಲುಗೂಡಿಸಿದರೆ ಒಂದು ಮಿಲಿಮೀಟರಿನೊಳಗೆ ಇಪ್ಪತ್ತಾರು ಸಾವಿರ ಕಣಗಳು ಹಿಡಿಯುವುವು.

ಈ ಕಣದಲ್ಲಿ ಎರಡೇ ಪದಾರ್ಥಗಳು. ಒಳಗಡೆ ಉಂಗುರದಂತೆ ಸುತ್ತಿಕೊಂಡಿರುವ ಒಂದೆಳೆಯ ಡಿ.ಎನ್.ಎ. ಇರುವುದು. ಇದೇ ನಂಜಾಣುವಿನ ಬೀಜ. ಇದರಲ್ಲಿ ಸುಮಾರು 2,700 ಅಕ್ಷರಗಳಷ್ಟು ಬರಹ ಮಾತ್ರ ಉಂಟು. ಹೊರಗಡೆ ಈ ಬೀಜವನ್ನು ಕಾಪಾಡುವ ಕವಚವಿದೆ. ಇದಕ್ಕೆ ಕ್ಯಾಪ್ಸಿಡ್ ಎಂದು ಹೆಸರು. ಒಂದೇ ಬಗೆಯ ಪ್ರೋಟೀನಿನ 110 ಬಿಲ್ಲೆಗಳು ಐದೈದಾಗಿ ಕೂಡಿ, ಅಂತಹ 22 ಗುಂಪುಗಳಿಂದ ಈ ಕವಚವು ರಚಿತವಾಗಿದೆ.

ಕವಚವೆಂದೊಡನೆ ತೆಂಗಿನಕಾಯಿಯ ಕರಟದಂತೆ ಒಳಗಿನ ತಿರುಳನ್ನು ಕಾಯುವುದಷ್ಟೇ ಇದರ ಕೆಲಸವೆಂದು ಎಣಿಸಬಾರದು. ನಂಜಾಣುವಿನ ಪಯಣದ ಪ್ರತಿಯೊಂದು ಘಟ್ಟದಲ್ಲಿಯೂ ಮುಂದೆ ನಿಂತು ದಾರಿ ಬಿಡಿಸಿಕೊಡುವುದು ಈ ಕವಚವೇ. ಯಾವ ಕೀಟದ ಮೂಲಕ ರೋಗವು ಹರಡಬೇಕೆಂಬುದನ್ನೂ ಇದೇ ನಿಶ್ಚಯಿಸುವುದು. ಇಂಗ್ಲೆಂಡಿನ ಶಾಸ್ತ್ರಜ್ಞರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬಿಳಿ ನೊಣದಿಂದ ಹರಡುವ ಮರಗೆಣಸಿನ ನಂಜಾಣುವಿನ ಕವಚದ ಬರಹವನ್ನು ತೆಗೆದು, ಅದರ ಸ್ಥಾನದಲ್ಲಿ ಜಿಗಿಹುಳುವಿನಿಂದ ಹರಡುವ ಬೀಟ್ ಗಡ್ಡೆಯ ನಂಜಾಣುವಿನ ಕವಚದ ಬರಹವನ್ನು ಇರಿಸಿದರು. ಹಾಗೆ ಕವಚವನ್ನು ಬದಲಿಸಿಕೊಂಡ ಮರಗೆಣಸಿನ ನಂಜಾಣುವನ್ನು ಜಿಗಿಹುಳುವಿನೊಳಗೆ ಹೊಗಿಸಿದಾಗ, ಆ ಹುಳುವು ಅದನ್ನು ಗಿಡಕ್ಕೆ ದಾಟಿಸಬಲ್ಲುದಾಯಿತು. ಬೀಜವು ಯಾವುದೇ ಆಗಿರಲಿ, ಸವಾರಿಯನ್ನು ಗೊತ್ತುಮಾಡುವುದು ಕವಚವೆಂಬುದು ಇದರಿಂದ ಸಿದ್ಧವಾಯಿತು.

ಬಿಳಿ ನೊಣದಿಂದ ಗಿಡಕ್ಕೆ

ಟೊಮೇಟೋ ಪೈರಿನಲ್ಲಿ ಈ ನಂಜಾಣುವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿ ನೊಣ. ಎಲೆಯ ತಳಭಾಗದಲ್ಲಿ ಕುಳಿತು, ಸೂಜಿಯಂತಹ ತನ್ನ ಬಾಯಿಯನ್ನು ರಸನಾಳದವರೆಗೂ ಚುಚ್ಚಿ ಇದು ರಸವನ್ನು ಹೀರುವುದು. ರೋಗದ ಗಿಡದಲ್ಲಿ ಹೀರಿದ ರಸದೊಡನೆ ನಂಜಾಣುವು ನೊಣದ ಕರುಳನ್ನು ಹೊಕ್ಕು, ಅಲ್ಲಿಂದ ದೇಹದ ದ್ರವಕ್ಕೆ ದಾಟಿ, ಕೊನೆಗೆ ಜೊಲ್ಲಿನ ಗ್ರಂಥಿಗಳನ್ನು ಸೇರಿ, ಮುಂದಿನ ಗಿಡಕ್ಕೆ ಜೊಲ್ಲಿನ ಮೂಲಕ ಇಳಿಯುವುದು.

ಬೆಂಗಳೂರಿನ ನಂಜಾಣುವನ್ನು ಕುರಿತು ಮುನಿಯಪ್ಪನವರೂ ಅವರ ಸಹೋದ್ಯೋಗಿಗಳೂ 2000ನೆಯ ಇಸವಿಯಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ರೋಗದ ಗಿಡದ ಮೇಲೆ ಹತ್ತು ನಿಮಿಷಗಳ ಕಾಲ ರಸ ಹೀರಿದರೆ ನೊಣಕ್ಕೆ ನಂಜಾಣುವು ದೊರೆಯುವುದು. ಆರೋಗ್ಯವಾದ ಗಿಡದ ಮೇಲೆ ಇಪ್ಪತ್ತು ನಿಮಿಷ ಕುಳಿತರೆ ರೋಗವನ್ನು ಅಂಟಿಸುವುದಕ್ಕೆ ಸಾಕು. ಒಂದೇ ಒಂದು ನೊಣವೂ ಈ ಕೆಲಸವನ್ನು ಮಾಡಬಲ್ಲುದು. ಒಂದು ದಿವಸ ರೋಗದ ಗಿಡದಲ್ಲಿ ಮೇಯ್ದ ನೊಣವು ಹನ್ನೆರಡು ದಿವಸಗಳವರೆಗೂ ರೋಗವನ್ನು ಹಂಚುತ್ತ ಹೋಗುವ ಶಕ್ತಿಯನ್ನು ಉಳಿಸಿಕೊಂಡಿದ್ದಿತು. ಇದರಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಹೊರಗಿನಿಂದ ಹಾರಿಬಂದ ನೊಣವು ನಮ್ಮ ಔಷಧದಿಂದ ಸಾಯುವುದಕ್ಕೆ ಮುಂಚೆಯೇ ತನ್ನ ಕೆಲಸವನ್ನು ಪೂರೈಸಿರಬಹುದು.

ಕೋಶಕೇಂದ್ರವೂ ಅದರ ಬಾಗಿಲುಗಳೂ

ಈಗ ನಂಜಾಣುವು ಗಿಡದ ಜೀವಕೋಶವನ್ನು ಸೇರಿತೆಂದು ಇಟ್ಟುಕೊಳ್ಳೋಣ. ಅಲ್ಲಿಗೇ ಅದರ ಕಾರ್ಯವು ಸಿದ್ಧಿಸಿದಂತಾಗಲಿಲ್ಲ. ತನ್ನ ಬೀಜವನ್ನು ಇಮ್ಮಡಿಸಿ ಸಂತತಿಯನ್ನು ಹೆಚ್ಚಿಸಿಕೊಳ್ಳುವುದಕ್ಕೆ ಬೇಕಾದ ಉಪಕರಣಗಳು ಅದರ ಬಳಿ ಇಲ್ಲ. ಡಿ.ಎನ್.ಎ.ಯನ್ನು ನಕಲು ಮಾಡುವ ಉಪಕರಣಗಳೆಲ್ಲವೂ ಗಿಡಕ್ಕೆ ಸೇರಿದವು. ಅವು ಇರುವುದು ಕೋಶದ ನಡುವಣ ಕೋಶಕೇಂದ್ರ ಅಥವಾ ನ್ಯೂಕ್ಲಿಯಸ್ ಎಂಬ ಕೊಠಡಿಯೊಳಗೆ. ಆ ಕೊಠಡಿಯನ್ನು ಹೊಗದಿದ್ದರೆ ನಂಜಾಣುವು ಕಲ್ಲಿನ ಮೇಲೆ ಬಿದ್ದ ಕಾಳಿನಂತೆ ನಿಷ್ಪ್ರಯೋಜಕವಾಗುವುದು.

ಕೋಶಕೇಂದ್ರಕ್ಕೆ ಎರಡು ಪದರದ ಗೋಡೆಯಿದೆ. ಗೋಡೆಯಲ್ಲಿ ಅಲ್ಲಲ್ಲಿ ಬಾಗಿಲುಗಳುಂಟು. ಸುಮಾರು ಮೂವತ್ತು ಬಗೆಯ ಪ್ರೋಟೀನುಗಳು ನೂರಾರು ಸಂಖ್ಯೆಯಲ್ಲಿ ಕೂಡಿ ಒಂದೊಂದು ಬಾಗಿಲನ್ನೂ ಕಟ್ಟಿವೆ. ಬಾಗಿಲ ಕಂಡಿಯಲ್ಲಿ ನೂಲಿನ ಕುಚ್ಚಿನಂತಹ ಎಳೆಗಳು ತುಂಬಿಕೊಂಡಿರುವುದರಿಂದ ಸಣ್ಣ ಪದಾರ್ಥಗಳು ತಾವಾಗಿಯೇ ನುಸುಳಬಲ್ಲವು. ಸುಮಾರು 40,000 ಡಾಲ್ಟನ್ ತೂಕಕ್ಕೆ ಮೇಲ್ಪಟ್ಟ ಪದಾರ್ಥಗಳಿಗೆ ಹಾಗೆ ಪ್ರವೇಶವಿಲ್ಲ. ನಂಜಾಣುವಿನ ಕವಚದ ಒಂದೊಂದು ಬಿಲ್ಲೆಯ ತೂಕವು ಸುಮಾರು 30,000 ಡಾಲ್ಟನ್ ಆದರೂ, ಡಿ.ಎನ್.ಎ. ಎಂಬ ಮೂಟೆಯನ್ನು ಹೊತ್ತುಕೊಂಡಾಗ ಅದು ನುಸುಳಿ ಹೋಗುವ ಮಾತೇ ಇಲ್ಲ.

ದೊಡ್ಡ ಪದಾರ್ಥಗಳನ್ನು ಒಳಗೆ ಕರೆದೊಯ್ಯುವುದಕ್ಕಾಗಿ ಗಿಡವು ತನ್ನದೇ ಆದ ಹಮಾಲರನ್ನು ಇಟ್ಟುಕೊಂಡಿರುವುದು. ಇವಕ್ಕೆ ಇಂಪಾರ್ಟಿನ್ ಎಂದೂ, ಕಾರ್ಯೋಫೆರಿನ್ ಎಂದೂ ಹೆಸರುಗಳುಂಟು. ಆಲ್ಫಾ ಮತ್ತು ಬೀಟಾ ಎಂಬ ಎರಡು ಇಂಪಾರ್ಟಿನ್‌ಗಳು ಜೊತೆಗೂಡಿ ಕೆಲಸ ಮಾಡುವುವು. ಆಲ್ಫಾ ಎಂಬುದು ಸರಕಿನ ಗುರುತನ್ನು ನೋಡಿ ಹಿಡಿದುಕೊಳ್ಳುವುದು. ಬೀಟಾ ಎಂಬುದು ಆಲ್ಫಾವನ್ನು ಹಿಡಿದುಕೊಂಡು ಬಾಗಿಲ ಕಂಡಿಯ ಎಳೆಗಳ ನಡುವೆ ದಾರಿ ಮಾಡಿಕೊಂಡು ಒಳಗೆ ನುಗ್ಗುವುದು. ಒಳಗಡೆ ರಾನ್ ಎಂಬ ಇನ್ನೊಂದು ಪ್ರೋಟೀನು ಬೀಟಾವನ್ನು ಹಿಡಿದೊಡನೆ ಜೊತೆಯು ಬಿಟ್ಟುಹೋಗಿ ಸರಕು ಕೆಳಗಿಳಿಯುವುದು. ಬಳಿಕ ಹಮಾಲರು ಬರಿಗೈಯಲ್ಲಿ ಹೊರಕ್ಕೆ ಬಂದು ಮುಂದಿನ ಸರಕಿಗೆ ಸಿದ್ಧರಾಗುವರು. ಇಂಪಾರ್ಟಿನ್ ಆಲ್ಫಾವನ್ನು 1994ರಲ್ಲಿ ಕಪ್ಪೆಯ ಮೊಟ್ಟೆಗಳಿಂದ ಬೇರ್ಪಡಿಸಿ ಗುರುತಿಸಲಾಯಿತು. ಗಿಡ, ಕೀಟ, ಕಪ್ಪೆ, ಮನುಷ್ಯ, ಎಲ್ಲರ ಜೀವಕೋಶಗಳಲ್ಲಿಯೂ ಈ ಏರ್ಪಾಡಿನ ಮೂಲ ಸ್ವರೂಪವು ಒಂದೇ.

ರಹದಾರಿಯ ಗುರುತು

ಯಾವ ಸರಕನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಇಂಪಾರ್ಟಿನ್ ಹೇಗೆ ಅರಿಯುವುದು? ಹಿಂದೆ ಸರಕಿನ ಗಾಡಿಗಳನ್ನು ಸುಂಕದ ಕಟ್ಟೆಯಲ್ಲಿ ತಡೆದು ರಹದಾರಿ ಚೀಟಿಯನ್ನು ನೋಡಿ ಬಿಡುತ್ತಿದ್ದ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಕೋಶಕೇಂದ್ರದೊಳಗೆ ಕೆಲಸ ಮಾಡಬೇಕಾದ ಪ್ರೋಟೀನುಗಳ ಮೈಮೇಲೆಯೇ ಒಂದು ರಹದಾರಿ ಬರೆಯಲ್ಪಟ್ಟಿರುವುದು. ಅದು ಲೈಸೀನ್, ಆರ್ಜಿನೀನ್ ಎಂಬ ಕ್ಷಾರಗುಣವುಳ್ಳ ಅಮೈನೋ ಆಮ್ಲಗಳು ಒತ್ತೊತ್ತಾಗಿ ಸೇರಿರುವ ಒಂದು ಚಿಕ್ಕ ತುಂಡು. ಈ ರಹದಾರಿಯನ್ನು 1984ರಲ್ಲಿ ಮೊದಲು ಸ್ಪಷ್ಟವಾಗಿ ಓದಿದುದೂ ಒಂದು ನಂಜಾಣುವಿನ ಪ್ರೋಟೀನಿನಲ್ಲಿಯೇ. ಅದು ಕೋತಿಗಳಿಗೆ ತಗಲುವ ನಂಜಾಣು. ಏಳೇ ಅಮೈನೋ ಆಮ್ಲಗಳ ಆ ತುಂಡಿನಲ್ಲಿ ಒಂದು ಲೈಸೀನನ್ನು ಬದಲಾಯಿಸಿದ ಮಾತ್ರಕ್ಕೆ ಪ್ರೋಟೀನು ಹೊರಗೇ ಉಳಿಯಿತು.

ಟೊಮೇಟೋ ನಂಜಾಣುವಿನ ಕವಚದಲ್ಲಿ ಇಂತಹ ರಹದಾರಿ ಇದೆಯೆಂಬುದನ್ನು ತೋರಿಸಿದವರು ಇಸ್ರೇಲ್ ದೇಶದ ಗಫ್ನಿ, ಅಮೆರಿಕಾದ ಸಿಟೊವ್ಸ್ಕಿ ಮತ್ತು ಅವರ ಸಹೋದ್ಯೋಗಿಗಳು. ನಮ್ಮ ನಂಜಾಣುವಿಗೆ ಹತ್ತಿರದ ಸಂಬಂಧಿಯಾದ, ಇಸ್ರೇಲಿನ ಟೊಮೇಟೋ ಹಳದಿ ಎಲೆ ಮುದುಡು ನಂಜಾಣುವಿನ ಕವಚದ ಪ್ರೋಟೀನನ್ನು ಅವರು ಪರೀಕ್ಷಿಸಿ, ಅದು ತಾನಾಗಿಯೇ ಕೋಶಕೇಂದ್ರವನ್ನು ಸೇರುವುದೆಂದು 1998ರಲ್ಲಿ ಪ್ರಕಟಿಸಿದರು. ರಹದಾರಿಯು ಆ ಪ್ರೋಟೀನಿನ ಆರಂಭದ ಭಾಗದಲ್ಲಿರುವುದೆಂದೂ ಗೊತ್ತಾಯಿತು. ಇದರಲ್ಲಿ ಒಂದು ವಿಶೇಷವಿದೆ. ಸಸ್ಯದ ಕೋಶಗಳಲ್ಲಿ ಮಾತ್ರವೇ ಅಲ್ಲದೆ ಕೀಟದ ಕೋಶಗಳಲ್ಲಿಯೂ ಆ ರಹದಾರಿಯು ಚಲಾವಣೆಯಾಯಿತು. ಮರುವರ್ಷ, ಎಂದರೆ 1999ರಲ್ಲಿ, ಅದೇ ತಂಡದವರು ಟೊಮೇಟೋ ಗಿಡದ ಇಂಪಾರ್ಟಿನ್ ಆಲ್ಫಾ ಒಂದನ್ನು ಗುರುತಿಸಿ, ಅದು ಈ ಕವಚದ ಪ್ರೋಟೀನನ್ನು ಹಿಡಿದುಕೊಳ್ಳುವುದೆಂದು ತೋರಿಸಿದರು. ಹೀಗೆ ಹಮಾಲನೂ ಸಿಕ್ಕಿದನು, ಅವನ ಕೈಯಲ್ಲಿ ಮೂಟೆಯೂ ಸಿಕ್ಕಿತು.

ರಹದಾರಿಯು ಕವಚದಲ್ಲಿದ್ದರೂ, ಕವಚವು ಡಿ.ಎನ್.ಎ.ಯನ್ನು ಬಿಗಿಯಾಗಿ ಹಿಡಿದುಕೊಂಡಿರದಿದ್ದರೆ ಪ್ರಯೋಜನವಿಲ್ಲವಷ್ಟೆ. ಈ ಹಿಡಿತವನ್ನು ಕುರಿತು ನಮ್ಮಲ್ಲಿಯೇ ಉತ್ತಮವಾದ ಕೆಲಸವು ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೀರ್ತಿ ಮತ್ತು ಸಾವಿತ್ರಿ ಎಂಬುವರು ಬೆಂಗಳೂರು ನಂಜಾಣುವಿನ ಕವಚದ ಪ್ರೋಟೀನನ್ನು ಪರಿಶೀಲಿಸಿ, ಸತುವಿನ ಅಣುವನ್ನು ಹಿಡಿದುಕೊಂಡು ಬೆರಳಿನಂತೆ ಮಡಿಚಿಕೊಳ್ಳುವ ಒಂದು ಭಾಗವೇ ಒಂದೆಳೆಯ ಡಿ.ಎನ್.ಎ.ಯನ್ನು ಹಿಡಿಯುವುದಕ್ಕೆ ಕಾರಣವೆಂದು 2003ರಲ್ಲಿ ಪ್ರಕಟಿಸಿದರು. ಒಂದು ಕೈಯಲ್ಲಿ ಬೀಜ, ಇನ್ನೊಂದು ಕೈಯಲ್ಲಿ ರಹದಾರಿ. ಹೀಗೆ ಕವಚವು ಬಾಗಿಲನ್ನು ದಾಟುವುದು.

ಒಳಹೊಕ್ಕ ಮೇಲೆ

ಒಳಗೆ ಸೇರಿದ ಒಂದೆಳೆಯ ಡಿ.ಎನ್.ಎ.ಯನ್ನು ಗಿಡದ ಉಪಕರಣಗಳೇ ಎರಡೆಳೆಯನ್ನಾಗಿ ಮಾಡುವುವು. ಅದರಿಂದ ನಂಜಾಣುವಿನ ಪ್ರೋಟೀನುಗಳು ಹುಟ್ಟುವುವು. ಅವುಗಳಲ್ಲಿ ರೆಪ್ ಎಂಬ ಪ್ರೋಟೀನು ಮುಖ್ಯವಾದುದು. ಬೆಳೆದು ಮುಗಿದು ನಕಲು ಮಾಡುವ ಕೆಲಸವನ್ನು ನಿಲ್ಲಿಸಿರುವ ಕೋಶವನ್ನು ಇದು ಎಬ್ಬಿಸಿ, ಮರಳಿ ಆ ಕೆಲಸಕ್ಕೆ ಹಚ್ಚುವುದು, ಡಿ.ಎನ್.ಎ. ಉಂಗುರವನ್ನು ಒಂದು ಗೊತ್ತಾದ ಸ್ಥಳದಲ್ಲಿ ಕತ್ತರಿಸಿ, ರಾಟೆಯಿಂದ ನೂಲು ಬಿಚ್ಚಿಕೊಳ್ಳುವಂತೆ ಹೊಸ ಹೊಸ ಪ್ರತಿಗಳು ಹೊರಬರುವಂತೆ ಮಾಡುವುದು. ಗಿಡವು ತನ್ನ ಬೆಳವಣಿಗೆಗೆ ವಿನಿಯೋಗಿಸಬೇಕಾದ ಶಕ್ತಿಯು ಶತ್ರುವಿನ ಸಂತಾನವೃದ್ಧಿಗೆ ವ್ಯಯವಾಗುವುದು.

ಹೊಸದಾಗಿ ತಯಾರಾದ ಕವಚದ ಬಿಲ್ಲೆಗಳು ಕೋಶಕೇಂದ್ರದ ಹೊರಗೆ ಹುಟ್ಟುವುವು. ಆದರೆ ಹೊಸ ಕಣಗಳ ಜೋಡಣೆಯು ನಡೆಯುವುದು ಒಳಗೆ. ಆದುದರಿಂದ ಅವೂ ಅದೇ ರಹದಾರಿಯನ್ನು ತೋರಿಸಿ, ಅದೇ ಹಮಾಲರ ನೆರವಿನಿಂದ ಒಳಗೆ ಹೋಗಬೇಕು. ಹೀಗೆ ಒಂದೇ ಬಾಗಿಲು ನಂಜಾಣುವಿಗೆ ಮೊದಲ ಸಲ ಪ್ರವೇಶಕ್ಕೂ, ಎರಡನೆಯ ಸಲ ಮೂಟೆ ಕಟ್ಟುವುದಕ್ಕೂ ಉಪಯೋಗವಾಗುವುದು. ಬೆಂಗಳೂರು ನಂಜಾಣುವಿನಂತೆ ಒಂದೇ ಉಂಗುರದ ಬೀಜವುಳ್ಳ ಜಾತಿಗಳಲ್ಲಿ, ಬೀಜವನ್ನು ಮರಳಿ ಹೊರಕ್ಕೆ ತಂದು ನೆರೆಯ ಕೋಶಗಳಿಗೂ ರಸನಾಳಗಳಿಗೂ ಸಾಗಿಸುವ ಕಾರ್ಯದಲ್ಲಿಯೂ ಕವಚದ ಪ್ರೋಟೀನಿಗೆ ಪಾತ್ರವುಂಟು. ರಸನಾಳವನ್ನು ಸೇರಿದ ನಂಜಾಣುವು ಇನ್ನೊಂದು ಬಿಳಿ ನೊಣಕ್ಕಾಗಿ ಕಾದಿರುವುದು.

ಇತರ ಪೈರುಗಳಲ್ಲಿ

ಈ ಉಪಾಯವು ಟೊಮೇಟೋ ನಂಜಾಣುವಿಗೆ ಮಾತ್ರ ಸೀಮಿತವಾದುದಲ್ಲ. ಹೆಸರು, ಉದ್ದು ಮುಂತಾದ ದ್ವಿದಳ ಪೈರುಗಳಲ್ಲಿ ಹಳದಿ ನಂಜು ರೋಗವನ್ನು ಉಂಟುಮಾಡುವ ನಂಜಾಣುವೂ, ಭತ್ತದ ತುಂಗ್ರೋ ರೋಗಕ್ಕೆ ಕಾರಣವಾದ ಎರಡು ನಂಜಾಣುಗಳಲ್ಲಿ ಒಂದೂ ಇದೇ ರೀತಿಯಾಗಿ ತಮ್ಮ ಕವಚದ ಪ್ರೋಟೀನಿನಲ್ಲಿ ಒಂದಕ್ಕಿಂತ ಹೆಚ್ಚಿನ ರಹದಾರಿಗಳನ್ನು ಇಟ್ಟುಕೊಂಡು ಇಂಪಾರ್ಟಿನ್ ಆಲ್ಫಾವನ್ನು ಕೂಡಿಕೊಳ್ಳುವುವೆಂದು 2005ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿರುವುದು. ಈ ಕೆಲಸದಲ್ಲಿ ಯೂರೋಪಿನ ಶಾಸ್ತ್ರಜ್ಞರೊಡನೆ ಮಧುರೆಯ ವೆಲುತಂಬಿಯವರೂ ಭಾಗಿಗಳಾಗಿದ್ದರು. ತುಂಗ್ರೋ ರೋಗವು ಬಿಳಿ ನೊಣದಿಂದ ಬರುವುದಲ್ಲ, ಹಸುರು ಜಿಗಿಹುಳುವಿನಿಂದ ಬರುವುದು. ವಾಹನ ಬೇರೆ, ಪೈರು ಬೇರೆ, ನಂಜಾಣುವಿನ ಕುಲವೂ ಬೇರೆ. ಬಾಗಿಲು ಮಾತ್ರ ಒಂದೇ.

ಬಾಗಿಲನ್ನೇ ಮುಚ್ಚಬಾರದೇಕೆ?

ಇಷ್ಟನ್ನೆಲ್ಲ ಓದಿದ ರೈತರು, ಶತ್ರುವಿನ ದಾರಿ ಗೊತ್ತಾದ ಮೇಲೆ ಆ ಬಾಗಿಲನ್ನೇ ಮುಚ್ಚುವ ಔಷಧವನ್ನು ಏಕೆ ತಯಾರಿಸಬಾರದೆಂದು ಕೇಳಬಹುದು. ಇದಕ್ಕೆ ಉತ್ತರವೇನೆಂದರೆ, ಆ ಬಾಗಿಲು ಗಿಡದ ಜೀವನಕ್ಕೇ ಆಧಾರವಾದುದು. ಬೆಳಕನ್ನೂ ಬರವನ್ನೂ ಬಿಸಿಲನ್ನೂ ಅರಿತು ಗಿಡವು ತನ್ನ ನಡವಳಿಕೆಯನ್ನು ತಿದ್ದಿಕೊಳ್ಳುವುದಕ್ಕೆ ಬೇಕಾದ ಪ್ರೋಟೀನುಗಳೆಲ್ಲವೂ ಕ್ಷಣಕ್ಷಣವೂ ಆ ಬಾಗಿಲಿನ ಮೂಲಕವೇ, ಆ ಹಮಾಲರ ಹೆಗಲ ಮೇಲೆಯೇ ಒಳಗೆ ಹೋಗಬೇಕು. ಇಂಪಾರ್ಟಿನ್ ನಿಂತರೆ ನಂಜಾಣುವಿಗಿಂತ ಮೊದಲು ಗಿಡವು ಸಾಯುವುದು. ಬೇಲಿಯೇ ಎದ್ದು ಹೊಲ ಮೇಯ್ದಿತೆಂದು ಇಲ್ಲಿ ಹೇಳುವಂತಿಲ್ಲ. ಬೇಲಿಯ ತಪ್ಪೇನೂ ಇಲ್ಲ. ಹಮಾಲನು ಚೀಟಿಯನ್ನು ನೋಡಿ ತನ್ನ ಕರ್ತವ್ಯವನ್ನು ಮಾಡಿದನು, ಚೀಟಿಯೇ ಕಳ್ಳಚೀಟಿಯಾಗಿದ್ದಿತು.

ಮನುಷ್ಯರ ವೈದ್ಯದಲ್ಲಿ ಕವಚದ ಮೇಲೆಯೇ ಗುರಿಯಿಟ್ಟ ಒಂದು ಔಷಧವು ಈಗ ಬಳಕೆಯಲ್ಲಿದೆ. ಏಡ್ಸ್ ರೋಗದ ನಂಜಾಣುವಾದ ಎಚ್.ಐ.ವಿ.ಯೂ ತನ್ನ ಕವಚದ ಸಹಾಯದಿಂದಲೇ ಕೋಶಕೇಂದ್ರವನ್ನು ಹೊಗುವುದು. ಆ ಕವಚವು ಬಾಗಿಲಿನ ಪ್ರೋಟೀನುಗಳೊಡನೆ ಕೂಡಿಕೊಳ್ಳುವ ಗುಣಿಯಲ್ಲಿಯೇ ಕುಳಿತು ಅದನ್ನು ಕೆಡಿಸುವ ಲೆನಾಕಪವಿರ್ ಎಂಬ ಔಷಧಕ್ಕೆ 2022ರಲ್ಲಿ ಯೂರೋಪಿನಲ್ಲಿಯೂ ಅಮೆರಿಕಾದಲ್ಲಿಯೂ ಅನುಮತಿ ದೊರೆಯಿತು. ಆದರೆ ಒಬ್ಬ ರೋಗಿಗೆ ಸೂಜಿಮದ್ದನ್ನು ಕೊಡುವುದು ಬೇರೆ, ಎಕರೆಗೆ ಸಾವಿರಾರು ಗಿಡಗಳ ಕೋಶಕೋಶಕ್ಕೂ ಮದ್ದನ್ನು ತಲುಪಿಸುವುದು ಬೇರೆ. ಎಲೆ ಮುದುಡು ರೋಗಕ್ಕೆ ಅಂತಹ ಮದ್ದು ರೈತರ ಕೈಗೆ ಬಂದಿಲ್ಲ. ಅಂಗಡಿಯಲ್ಲಿ ದೊರೆಯುವ ಕೀಟನಾಶಕಗಳು ನೊಣವನ್ನು ಕೊಲ್ಲಬಲ್ಲವು. ಕೋಶಕೇಂದ್ರದೊಳಗೆ ಗಿಡದ ಉಪಕರಣಗಳನ್ನೇ ಹಿಡಿದು ಕುಳಿತಿರುವ ನಂಜಾಣುವನ್ನು ಮುಟ್ಟಲಾರವು.

ಪ್ರಕೃತಿಯಲ್ಲಿ ದೊರೆತಿರುವ ಪರಿಹಾರವು ಬೇರೆ ಬಗೆಯದು. ಕಾಡು ಟೊಮೇಟೋ ಜಾತಿಗಳಲ್ಲಿ ಈ ನಂಜಾಣುವನ್ನು ಎದುರಿಸುವ ಗುಣಗಳಿವೆ. ದಕ್ಷಿಣ ಅಮೆರಿಕಾದ ಒಂದು ಕಾಡು ಜಾತಿಯಿಂದ ಬಂದ ಟಿವೈ-1 ಎಂಬ ಗುಣವು ಬಾಗಿಲನ್ನು ಮುಚ್ಚುವುದಿಲ್ಲ. ಒಳಗೆ ಬಂದ ನಂಜಾಣುವಿನ ಬರಹವನ್ನು ಓದಲಾಗದಂತೆ ಅಡಗಿಸುವ ಗಿಡದ ಶಕ್ತಿಯನ್ನು ಹೆಚ್ಚಿಸುವುದೆಂದು 2013ರಿಂದ ಈಚಿನ ಸಂಶೋಧನೆಗಳು ತೋರಿಸಿವೆ. ಇನ್ನೊಂದು ಕಾಡು ಜಾತಿಯಿಂದ ಇಂತಹ ಗುಣವನ್ನು ನಾಟಿ ಟೊಮೇಟೋವಿಗೆ ತಂದ ಕೆಲಸವನ್ನು ಭಾರತದ ಕಲ್ಲೂ ಮತ್ತು ಬ್ಯಾನರ್ಜಿ ಎಂಬುವರು 1990ರಲ್ಲಿ ಪ್ರಕಟಿಸಿದರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ನಂದಿ, ಸಂಕ್ರಾಂತಿ, ವೈಭವ್ ಎಂಬ ತಳಿಗಳನ್ನೂ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಎಂಬ ಸಂಕರ ತಳಿಗಳನ್ನೂ ಈ ರೋಗವನ್ನು ತಾಳಿಕೊಳ್ಳುವ ಗುಣವುಳ್ಳವನ್ನಾಗಿ ಹೊರತಂದಿರುತ್ತವೆ. ತಾಳಿಕೊಳ್ಳುವ ತಳಿಯೆಂದರೆ ರೋಗವೇ ತಗಲದ ತಳಿಯೆಂದು ಭಾವಿಸಕೂಡದು. ನೊಣಗಳ ಹಾವಳಿಯು ಅತಿಯಾದರೆ ಇವೂ ಬಳಲುವುವು.

ರೈತರು ಮಾಡಬೇಕಾದುದು

ಮೇಲೆ ಹೇಳಿದ ಸಂಗತಿಗಳಿಂದ ಏರ್ಪಡುವ ತತ್ತ್ವವು ಒಂದೇ: ನಂಜಾಣುವು ಕೋಶಕೇಂದ್ರವನ್ನು ಹೊಕ್ಕ ಮೇಲೆ ಹೊರಗಿನಿಂದ ಮಾಡತಕ್ಕುದೇನೂ ಇಲ್ಲ, ಹೊಗುವುದಕ್ಕೆ ಮುಂಚೆ, ಎಂದರೆ ನೊಣವು ಗಿಡದ ಮೇಲೆ ಕುಳಿತುಕೊಳ್ಳುವುದಕ್ಕೆ ಮುಂಚೆ, ಮಾಡತಕ್ಕುದು ಬೇಕಾದಷ್ಟಿದೆ. ಈ ತತ್ತ್ವವನ್ನನುಸರಿಸಿ ಕೆಳಗಿನ ಕ್ರಮಗಳನ್ನು ಕೈಕೊಳ್ಳುವುದು ಯುಕ್ತವಾಗಿದೆ.

1. ಒಟ್ಲನ್ನು ಬಿತ್ತಿದ ದಿವಸದಿಂದಲೇ ಅಂಗುಲಕ್ಕೆ 40ರಿಂದ 50 ಕಣ್ಣುಗಳಿರುವ ನೈಲಾನ್ ಬಲೆಯಿಂದ ಮುಚ್ಚಿರಬೇಕು. ಸೊಳ್ಳೆಪರದೆಯನ್ನು ಕಟ್ಟಿದಂತೆ ನಾಲ್ಕು ಕಡೆಯೂ ಅಂಚುಗಳನ್ನು ಮಣ್ಣಿನಲ್ಲಿ ಹುದುಗಿಸತಕ್ಕದ್ದು. ನೀರು ಹಾಕುವಾಗ ಬಲೆಯನ್ನು ಎತ್ತಿಟ್ಟು ಮರೆತರೆ ಇಷ್ಟು ದಿವಸದ ಶ್ರಮವೂ ವ್ಯರ್ಥವಾಗುವುದು. ಸಸಿಗಳನ್ನು ಕೊಂಡು ತರುವವರು, ಅವು ಬಲೆಯೊಳಗೆ ಬೆಳೆದವೇ ಎಂಬುದನ್ನು ಕಣ್ಣಾರೆ ನೋಡಿ ತರುವುದು ಒಳ್ಳೆಯದು.

2. ನಾಟಿಯಾದ ಮೊದಲ ಐದು ವಾರಗಳನ್ನು ಅತ್ಯಂತ ಎಚ್ಚರಿಕೆಯಿಂದ ಕಾಯಬೇಕು. ಕೀಟನಾಶಕಗಳಿಗೆ ವ್ಯಯಮಾಡತಕ್ಕ ಹಣವನ್ನು ಈ ಅವಧಿಯಲ್ಲಿಯೇ, ಇಲಾಖೆಯ ಅಧಿಕಾರಿಗಳ ಸಲಹೆಯಂತೆ, ಒಂದೇ ಔಷಧವನ್ನು ಪದೇ ಪದೇ ಬಳಸದೆ ವ್ಯಯಮಾಡತಕ್ಕದ್ದು. ಒಂದೇ ಔಷಧವನ್ನು ಬಳಸುತ್ತ ಬಂದರೆ ನೊಣಗಳು ಅದಕ್ಕೆ ಜಗ್ಗದಂತಾಗುವುವು.

3. ತಾಕಿನ ಸುತ್ತಲೂ ಮುಸುಕಿನ ಜೋಳವನ್ನು ಎರಡು ಮೂರು ಸಾಲುಗಳಾಗಿ ಮುಂಚಿತವಾಗಿಯೇ ಬಿತ್ತಿ ಎತ್ತರಕ್ಕೆ ಬೆಳೆಸಿದ್ದರೆ, ಹೊರಗಿನಿಂದ ಬರುವ ನೊಣಗಳಿಗೆ ಅದು ಅಡ್ಡಿಯಾಗುವುದು. ಹಳದಿಯ ಅಂಟುಹಲಗೆಗಳನ್ನು ಅಲ್ಲಲ್ಲಿ ನಿಲ್ಲಿಸಿದರೆ ನೊಣಗಳು ಬಂದಿವೆಯೇ ಎಂಬುದು ಮೊದಲೇ ತಿಳಿಯುವುದು.

4. ನಾಟಿಯಾದ ಹೊಸದರಲ್ಲಿ ಮುದುಡಿದ ಗಿಡಗಳು ಕಂಡುಬಂದರೆ, ಅವು ಚೇತರಿಸುವುವೆಂದು ಕಾಯದೆ ಕಿತ್ತು ಚೀಲದಲ್ಲಿ ತುಂಬಿ ಹೂಳಬೇಕು. ಅಂತಹ ಗಿಡವು ಹಣ್ಣನ್ನು ಕೊಡುವುದಿಲ್ಲ. ನೊಣಗಳಿಗೆ ನಂಜನ್ನು ಮಾತ್ರ ಕೊಡುವುದು.

5. ಪಾರ್ಥೇನಿಯಂ ಮುಂತಾದ ಕಳೆಗಿಡಗಳೂ ಈ ನಂಜಾಣುವಿಗೆ ಆಶ್ರಯವಾಗುವುದರಿಂದ ಬದುಗಳನ್ನು ಶುಚಿಯಾಗಿಡಬೇಕು. ಕೊಯ್ಲು ಮುಗಿದ ಹಳೆಯ ಟೊಮೇಟೋ ಪೈರನ್ನು ಹಾಗೆಯೇ ಬಿಟ್ಟು, ಪಕ್ಕದ ತಾಕಿನಲ್ಲಿ ಹೊಸ ಪೈರನ್ನು ನೆಡುವುದು ಶತ್ರುವಿಗೆ ಔತಣವಿತ್ತಂತೆಯೇ ಸರಿ.

6. ದಕ್ಷಿಣ ಭಾರತದಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಪೈರಿನಲ್ಲಿ ಈ ರೋಗವು ನೂರಕ್ಕೆ ನೂರರವರೆಗೂ ಹಬ್ಬಬಹುದೆಂದು 1989ರಲ್ಲಿ ಸೈಕಿಯ ಮತ್ತು ಮುನಿಯಪ್ಪನವರು ತೋರಿಸಿರುತ್ತಾರೆ. ಆದುದರಿಂದ ಬೇಸಗೆಯ ಪೈರನ್ನಿಡುವವರು ತಾಳಿಕೊಳ್ಳುವ ತಳಿಯಿಲ್ಲದೆ ಅದಕ್ಕೆ ಕೈಹಾಕದಿರುವುದು ಲೇಸು.

ಈ ಕ್ರಮಗಳನ್ನು ಒಬ್ಬ ರೈತನು ಮಾತ್ರ ಕೈಕೊಂಡರೆ ಬರುವ ಫಲಕ್ಕಿಂತಲೂ ಊರಿನವರೆಲ್ಲರೂ ಕೂಡಿ ಕೈಕೊಂಡರೆ ಬರುವ ಫಲವು ಹೆಚ್ಚು. ನೊಣಕ್ಕೆ ಬದುಗಳ ಲೆಕ್ಕವಿಲ್ಲ. ಕೋಲಾರ ಜಿಲ್ಲೆಯಲ್ಲಿ 1999ರಲ್ಲಿ ಹೊರದೇಶದಿಂದ ಬಂದ ಬಿಳಿ ನೊಣದ ಒಂದು ಬಗೆಯು ಕಾಣಿಸಿಕೊಂಡು, ಅದರೊಡನೆಯೇ ಎಲೆ ಮುದುಡು ರೋಗವು ಪ್ರಬಲವಾಗಿ ಹಬ್ಬಿದ ಸಂಗತಿಯು ಹಿರಿಯ ಬೆಳೆಗಾರರಿಗೆ ನೆನಪಿರಬಹುದು. ಅಂತಹ ಕಾಲದಲ್ಲಿ ಒಂದು ತಾಕಿನ ಅಲಕ್ಷ್ಯವು ಇಡೀ ಊರಿನ ಬಯಲಿಗೆ ಹರಡುವುದು.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದರೆಂಬ ಗಾದೆಯು ನಮ್ಮಲ್ಲಿ ಬಹು ಹಿಂದಿನಿಂದ ಬಂದುದು. ಎಲೆ ಮುದುಡಿದ ಮೇಲೆ ಔಷಧವನ್ನು ಹುಡುಕುವುದು ಇಂತಹ ಕೆಲಸವೇ. ಟೊಮೇಟೋ ಗಿಡದ ವಿಷಯದಲ್ಲಿ ಕೋಟೆಯ ಬಾಗಿಲು ಕೋಶಕೇಂದ್ರದ ಗೋಡೆಯಲ್ಲಿಲ್ಲ. ಅದನ್ನು ಮುಚ್ಚುವುದು ನಮ್ಮಿಂದಾಗದು. ನಮ್ಮ ಕೈಯಲ್ಲಿರುವ ಬಾಗಿಲು ಒಟ್ಲಿನ ಮೇಲಣ ಬಲೆಯೇ. ಅದನ್ನು ಬಿತ್ತನೆಯ ದಿವಸವೇ ಮುಚ್ಚಿ, ನಾಟಿಯ ದಿವಸದವರೆಗೂ ತೆರೆದಿಡದೆ ಕಾಪಾಡಿದ ರೈತನು ಆ ವರ್ಷದ ಫಸಲಿನ ಬಹು ಪಾಲನ್ನು ಆಗಲೇ ಉಳಿಸಿಕೊಂಡಂತಾಗುವುದು.